ಬರೆದಿಟ್ಟ ರುಚಿ, ಬಡಿಸಿದ ರುಚಿ

ಆಷಾಢದ ಮಧ್ಯಾಹ್ನ. ಪಡುವಣ ಕಡಲಿನಿಂದ ಎದ್ದು ಬಂದ ಮುಗಿಲು ಮೂಡಣದ ಘಟ್ಟಕ್ಕೆ ತಗಲಿ ಅಂಕೋಲಾ ತಾಲೂಕಿನ ಮೇಲೆ ಬಿಡುವಿಲ್ಲದೆ ಸುರಿಯುತ್ತಿದೆ. ಶೆಟಗೇರಿಯ ಒಂದು ಹೆಂಚಿನ ಮನೆಯ ಅಡುಗೆಯ ಕೋಣೆಯಲ್ಲಿ ಒಲೆ ಉರಿಯುತ್ತಿದೆ. ಹೊಗೆಯು ಮಾಡಿನ ಸಂದಿಯಿಂದ ಹೊರಗೆ ಹೋಗಲು ಮನಸ್ಸಿಲ್ಲದೆ ಒಳಗೇ ಸುಳಿದಾಡುತ್ತಿದೆ. ಬೇಸಗೆಯಲ್ಲಿ ಕೆಮ್ಮಣ್ಣು ಬಳಿದು ಕೂಡಿಟ್ಟ ಹಲಸಿನ ಬೀಜ ಮಡಕೆಯಲ್ಲಿ ಬೇಯುತ್ತಿದೆ. ಅದಕ್ಕೆ ಬೀಳಲೆಂದು ಒಣ ಶೆಟ್ಲಿ ಹುರಿದು ಸಿದ್ಧವಾಗಿದೆ. ಬೆಂಗಳೂರಿನಿಂದ ರಜೆಗೆ ಬಂದಿರುವ ಮೊಮ್ಮಗನ ಹೆಂಡತಿ ಮಣೆಯ ಮೇಲೆ ಕುಳಿತು, ಕೈಯಲ್ಲಿ ಲೇಖನಿ ಹಿಡಿದು, ಅಜ್ಜಿಯನ್ನು ಕೇಳುತ್ತಾಳೆ:

‘ಅಜ್ಜೀ, ಇದಕ್ಕೆ ಉಪ್ಪು ಎಷ್ಟು?’

‘ಬೇಕಾದಷ್ಟು, ಮಗಾ.’

‘ಬೇಕಾದಷ್ಟು ಅಂದರೆ?’

‘ಕಡಿಮೆ ಆಗಬಾರದು, ಹೆಚ್ಚೂ ಆಗಬಾರದು. ಅಷ್ಟು.’

ಇದು ಯಾವ ಒಂದು ಮನೆಯ ಮಾತೆಂದು ಓದುಗರು ಹುಡುಕಬೇಕಾಗಿಲ್ಲ. ಕಾರವಾರ, ಅಂಕೋಲೆಗಳ ಸೀಮೆಯಲ್ಲಿ ಹಿರಿಯ ಹೆಂಗಸೊಬ್ಬಳು ಒಲೆಯ ಮುಂದಿರುವ ಯಾವ ಮನೆಗೆ ಹೋದರೂ ಈ ಸಂಭಾಷಣೆಯನ್ನು ಕೇಳಬಹುದು. ಕೇಳುವವಳು ಸುಶಿಕ್ಷಿತೆ, ಪಟ್ಟಣದವಳು. ಅವಳ ಮನೆಯಲ್ಲಿ ಅಡುಗೆಯ ಪುಸ್ತಕಗಳ ಒಂದು ಸಾಲೇ ಇದೆ. ಉತ್ತರ ಹೇಳುವವಳು ತನ್ನ ಆಯುಷ್ಯದಲ್ಲಿ ಒಂದು ಅಡುಗೆಯ ಪುಸ್ತಕವನ್ನೂ ತೆರೆದವಳಲ್ಲ. ಆದರೆ ಹಲಸಿನ ಬೀಜದ ಈ ಸಾರು ಆ ಪುಸ್ತಕಗಳ ಸಾಲಿನಲ್ಲಿ ಎಲ್ಲಿಯೂ ಇಲ್ಲ. ಇವಳ ಕೈಯಲ್ಲಿ ಮಾತ್ರ ಇದೆ. ತೊಂದರೆ ಇರುವುದು ಅಲ್ಲಿಯೇ.

ನೋಡುವ ಪುಸ್ತಕ

ಇಂದಿನ ಪಟ್ಟಣದ ಮನೆಗಳಲ್ಲಿ ಅಡುಗೆಯ ಕೋಣೆಗೆ ಮೊದಲಿನ ಮರೆಯಿಲ್ಲ. ಹಿಂದೆ ಮನೆಯ ಹಿಂಬದಿಗೆ ಸರಿದಿದ್ದ ಅದು ಈಗ ಪಡಸಾಲೆಯ ಮಗ್ಗುಲಿಗೇ ಬಂದು ನಿಂತಿದೆ. ಬಂದ ಅತಿಥಿಗಳ ಕಣ್ಣಿಗೆ ಬೀಳುವ ಸ್ಥಳವಾದ ಮೇಲೆ ಅದಕ್ಕೂ ಒಂದು ಅಲಂಕಾರ ಬೇಕಲ್ಲವೇ? ತಾಮ್ರದ ಚೆಂಬು, ಕಲ್ಲಿನ ಮರಿಗೆ, ಹಿತ್ತಾಳೆಯ ಸೌಟು ಇವುಗಳ ಜೊತೆಗೆ ದಪ್ಪ ರಟ್ಟಿನ, ನುಣುಪು ಕಾಗದದ, ಬಣ್ಣಬಣ್ಣದ ಚಿತ್ರಗಳ ಪಾಕಗ್ರಂಥವೊಂದು ಪೀಠದ ಮೇಲೆ ತೆರೆದುಕೊಂಡು ಕುಳಿತಿರುತ್ತದೆ. ಅದರ ಪುಟ ಒಂದೇ ಕಡೆ ತಿಂಗಳುಗಟ್ಟಲೆ ತೆರೆದಿರುವುದೂ ಉಂಟು. ಗೃಹಿಣಿಯನ್ನು ಆಕ್ಷೇಪಿಸುವುದು ಬೇಡ. ಚೆಲುವಾದ ವಸ್ತುವನ್ನು ಮುಂದಿಟ್ಟುಕೊಂಡು ಕೆಲಸ ಮಾಡಿದರೆ ಕೈಗೆ ಉತ್ಸಾಹ ಬರುವುದು ಸಹಜವೇ.

ಆದರೆ ಆ ಚಿತ್ರಗಳ ವಿಷಯದಲ್ಲಿ ಸ್ವಲ್ಪ ಎಚ್ಚರಿಕೆ ಬೇಕು. ಛಾಯಾಚಿತ್ರಕ್ಕಾಗಿ ಸಿದ್ಧಗೊಳಿಸಿದ ಭಕ್ಷ್ಯ ತಿನ್ನುವುದಕ್ಕಾಗಿ ಸಿದ್ಧಗೊಳಿಸಿದ್ದೇ ಆಗಿರಬೇಕೆಂಬ ನಿಯಮವಿಲ್ಲ. ಸೊಪ್ಪಿನ ಮೇಲೆ ಹೊಳೆಯುವ ನೀರಹನಿ ಗ್ಲಿಸರಿನ್ ಆಗಿರಬಹುದು. ತರಕಾರಿಯ ಬಣ್ಣ ಮಾಸದಿರಲೆಂದು ಅದನ್ನು ಅರೆಬೇಯಿಸಿ ಇಳಿಸಿರಬಹುದು. ಮನೆಯಲ್ಲಿ ಮಾಡಿದ ಪದಾರ್ಥ ಚಿತ್ರದಂತೆ ಕಾಣಲಿಲ್ಲವೆಂದು ಕಣ್ಣೀರು ಹಾಕುವ ಹೊಸ ಗೃಹಿಣಿಯರು ಇದನ್ನು ನೆನಪಿನಲ್ಲಿಟ್ಟರೆ ಎಷ್ಟೋ ಸಮಾಧಾನವಾದೀತು.

ಪಾಕಪುಸ್ತಕ ಇಂದಿನ ರೂಪಕ್ಕೆ ಬಂದುದು ಬಹಳ ಹಿಂದೇನೂ ಅಲ್ಲ. ಇಂಗ್ಲೆಂಡಿನ ಇಸಾಬೆಲ್ಲಾ ಬೀಟನ್ ಎಂಬಾಕೆ 1861ರಲ್ಲಿ ಗೃಹಕೃತ್ಯದ ದೊಡ್ಡ ಗ್ರಂಥವೊಂದನ್ನು ಹೊರತಂದಳು. ಅದರೊಳಗಿನ ಪಾಕಗಳಲ್ಲಿ ಹೆಚ್ಚಿನವು ಆಕೆಯ ಸ್ವಂತದವಲ್ಲ, ಇತರರಿಂದ ಕೂಡಿಸಿದವು. ಸಾಮಗ್ರಿಗಳನ್ನು ಪ್ರತ್ಯೇಕವಾಗಿ ಪಟ್ಟಿ ಮಾಡಿಕೊಡುವ ಪದ್ಧತಿ ಮನೆಮನೆಗೆ ಹೋದುದು ಆ ಗ್ರಂಥದಿಂದ. ಸಂಸಾರದ ಸಕಲ ವ್ಯವಹಾರವನ್ನೂ ಲೋಕಕ್ಕೆ ಬೋಧಿಸಿದ ಆ ಲೇಖಕಿ 1865ರಲ್ಲಿ ತೀರಿಕೊಂಡಾಗ ಆಕೆಯ ವಯಸ್ಸು 28. ಮುಖಚಿತ್ರದಲ್ಲಿ ಒಬ್ಬ ಹಿರಿಯ ಮುತ್ತೈದೆಯನ್ನು ಕಲ್ಪಿಸಿಕೊಂಡಿದ್ದವರಿಗೆ ಇದು ಆಶ್ಚರ್ಯವೆನಿಸೀತು. ಅಮೆರಿಕೆಯಲ್ಲಿ ಫ್ಯಾನಿ ಫಾರ್ಮರ್ 1896ರಲ್ಲಿ ಪ್ರಕಟಿಸಿದ ಪುಸ್ತಕ ‘ಒಂದು ಬಟ್ಟಲು’ ಎಂದರೆ ಅಂಚಿಗೆ ಸಮನಾಗಿ ಒರೆಸಿದ ಬಟ್ಟಲು ಎಂಬುದನ್ನು ಗೃಹಿಣಿಯರ ತಲೆಗೆ ಹತ್ತಿಸಿತು. ಅಜ್ಜಿಯ ‘ಬೇಕಾದಷ್ಟು’ ಎಂಬ ಮಾತಿಗೆ ಮೊದಲ ದೊಡ್ಡ ಪೆಟ್ಟು ಅದು.

ಅರಸರು ಬರೆದ ಅಡುಗೆ

ಇಷ್ಟು ಹೇಳಿದ ಮಾತ್ರಕ್ಕೆ ಅಡುಗೆಯನ್ನು ಬರೆದಿಡುವ ಬುದ್ಧಿ ಪಶ್ಚಿಮದಿಂದ ಬಂತೆಂದು ಭಾವಿಸಿದರೆ ಕನ್ನಡಕ್ಕೆ ಅನ್ಯಾಯವಾಗುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಜಯಸಿಂಹನ ಆಸ್ಥಾನದಲ್ಲಿದ್ದ ಚಾವುಂಡರಾಯನು 1025ರ ಸುಮಾರಿಗೆ ‘ಲೋಕೋಪಕಾರ’ವನ್ನು ರಚಿಸಿದನು. ಮನೆ ಕಟ್ಟುವುದು, ಬಾವಿ ತೋಡಲು ನೀರಿನ ಸೆಲೆ ಹುಡುಕುವುದು, ಗಿಡಮರಗಳ ಆರೈಕೆ, ಸುಗಂಧದ ತಯಾರಿಕೆ ಇವುಗಳ ನಡುವೆ ಅಡುಗೆಗೂ ಆತ ಒಂದು ಅಧ್ಯಾಯವನ್ನು ಮೀಸಲಿಟ್ಟ. ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ, ರುಬ್ಬಿ, ಸಂಬಾರ ಬೆರೆಸಿ ಇಡ್ಡಲಿಗೆ ಮಾಡುವ ವಿಧಾನ ಅಲ್ಲಿದೆ. ಆಗ ಅದಕ್ಕೆ ಅಕ್ಕಿ ಬೀಳುತ್ತಿರಲಿಲ್ಲವೆಂಬುದನ್ನು ನಮ್ಮ ಹೋಟೆಲುಗಳ ಯಜಮಾನರು ಕೇಳಿದರೆ ನಕ್ಕಾರು.

ಅದೇ ವಂಶದ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದ ಅನ್ನಭೋಗ ಪ್ರಕರಣ ಇನ್ನೂ ವಿಸ್ತಾರವಾದುದು. ಸಿಂಹಾಸನದ ಮೇಲೆ ಕುಳಿತವನು ಮೀನನ್ನು ಹೇಗೆ ಸೀಳಬೇಕು, ಹೇಗೆ ಬೇಯಿಸಬೇಕು ಎಂದು ಬರೆಯಲು ಸಂಕೋಚಪಡಲಿಲ್ಲ; ಹೊಲದ ಇಲಿಯನ್ನು ಹುರಿಯುವ ಕ್ರಮವನ್ನೂ ಬಿಡಲಿಲ್ಲ. ಮುಂದೆ 16ನೆಯ ಶತಮಾನದ ಮೊದಲಲ್ಲಿ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವನ್ನು ಕನ್ನಡದ ಷಟ್ಪದಿಯಲ್ಲಿ ಹಾಡಿದ. ಅವನು ಜೈನ, ಆದ್ದರಿಂದ ಅಲ್ಲಿ ಮಾಂಸಕ್ಕೆ ಎಡೆಯಿಲ್ಲ. ಹಿಟ್ಟಿನ ತಿಂಡಿ, ಪಾನಕ, ಅನ್ನದ ಬಗೆಗಳು, ಬದನೆ, ಹಲಸು, ಬಾಳೆ ಇವುಗಳ ಪಾಕಗಳಲ್ಲಿಯೇ ಆತನ ರಸಿಕತೆಯೆಲ್ಲ ಹರಿದಿದೆ. ಪಾಕವನ್ನು ಪದ್ಯದಲ್ಲಿ ಹೇಳುವುದೇನು ಎಂದು ನಗುವವರು ಒಂದು ವಿಚಾರವನ್ನು ಗಮನಿಸಬೇಕು: ಓಲೆಗರಿ ದುರ್ಲಭವಾಗಿದ್ದ ಕಾಲದಲ್ಲಿ ಷಟ್ಪದಿ ಬಾಯಿಗೆ ಹತ್ತುತ್ತಿತ್ತು, ಕೈ ಹಿಟ್ಟಿನಲ್ಲಿದ್ದಾಗಲೂ ನೆನಪಿಗೆ ಬರುತ್ತಿತ್ತು.

ಈ ಮೂವರೂ ಗಂಡಸರು. ದಿನನಿತ್ಯ ಒಲೆಯ ಮುಂದೆ ಕುಳಿತವರು ಬೇರೆ, ಬರೆದವರು ಬೇರೆ.

ದೂರ ಹೋದವರ ಪುಸ್ತಕ

ಹೆಂಗಸರು ಹೆಂಗಸರಿಗಾಗಿ ಅಡುಗೆ ಬರೆಯತೊಡಗಿದುದು ಮನೆಯವರು ಊರು ಬಿಟ್ಟ ಮೇಲೆ. ತುಂಬಿದ ಮನೆಯಲ್ಲಿ ಸೊಸೆಗೆ ಪುಸ್ತಕ ಬೇಕಾಗಿರಲಿಲ್ಲ. ಅತ್ತೆ ಇದ್ದಳು, ಅತ್ತೆಯ ಅತ್ತೆಯೂ ಇದ್ದಳು. ಗಂಡನ ನೌಕರಿಯ ಬೆನ್ನು ಹತ್ತಿ ಮುಂಬಯಿಯ ಎರಡು ಕೋಣೆಯ ಬಿಡಾರಕ್ಕೆ ಹೋದ ಹದಿನೆಂಟರ ತರುಣಿಗೆ ಯಾರಿದ್ದರು? ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಆಧಿಪತ್ಯಕ್ಕೆ ಸೇರಿತು. 1956ರ ನವೆಂಬರ್ 1ರವರೆಗೆ ಅದರ ಹಣೆಬರಹವೆಲ್ಲ ಮುಂಬಯಿಯಲ್ಲಿಯೇ ಬರೆಯಲ್ಪಟ್ಟಿತು. ಓದಿಗೆ ಮುಂಬಯಿ, ನೌಕರಿಗೆ ಮುಂಬಯಿ. ಕಾರವಾರದಿಂದ ಭಟ್ಕಳದವರೆಗಿನ ಊರುಗಳ ಮಂದಿ ಅಲ್ಲಿ ನೆಲೆಯೂರಿದರು.

ಆ ವಲಸೆಯಿಂದ ಹುಟ್ಟಿದ ಪ್ರಸಿದ್ಧ ಗ್ರಂಥವೇ ‘ರಸಚಂದ್ರಿಕಾ’. ಮುಂಬಯಿಯ ಸಾರಸ್ವತ ಮಹಿಳಾ ಸಮಾಜದ ಪರವಾಗಿ ಅಂಬಾಬಾಯಿ ಸಂಶಿಯವರು ಬರೆದ ಈ ಪುಸ್ತಕ 1940ರ ದಶಕದಲ್ಲಿ ಮರಾಠಿಯಲ್ಲಿ ಪ್ರಕಟವಾಯಿತು. ಅನಂತರ ಇಂಗ್ಲಿಷಿಗೂ ಹೋಯಿತು. ಶಿರಾಲಿಯ ಚಿತ್ರಾಪುರ ಮಠಕ್ಕೆ ನಡೆದುಕೊಳ್ಳುವ, ಮನೆಯಲ್ಲಿ ಕೊಂಕಣಿಯನ್ನೂ ಶಾಲೆಯಲ್ಲಿ ಕನ್ನಡವನ್ನೂ ಆಡುತ್ತಿದ್ದ ಒಂದು ಸಮಾಜದ ಅಡುಗೆ ಮರಾಠಿಯಲ್ಲಿ ಅಚ್ಚಾಯಿತೆಂದರೆ ಅದು ಊರಿನಲ್ಲಿದ್ದವರಿಗಾಗಿ ಬರೆದುದಲ್ಲ, ಊರು ಬಿಟ್ಟವರಿಗಾಗಿ ಬರೆದುದು ಎಂಬುದು ಸ್ಪಷ್ಟ. ಬಾಣಂತಿಯ ಪಥ್ಯ, ಮನೆಮದ್ದು, ಹಬ್ಬಗಳ ವಿವರ ಇವೂ ಅದರಲ್ಲಿ ಸೇರಿವೆ. ಅತ್ತೆಯೊಬ್ಬಳನ್ನು ಪೂರ್ತಿಯಾಗಿ ರಟ್ಟಿನೊಳಗೆ ಕಟ್ಟಿಕೊಟ್ಟಂತೆ. ಅವಳ ಬೈಗುಳವೊಂದು ಮಾತ್ರ ಇಲ್ಲ.

ಇತರ ಭಾಷೆಗಳಲ್ಲಿಯೂ ಇದೇ ಕಥೆ. ತಮಿಳಿನಲ್ಲಿ ಎಸ್. ಮೀನಾಕ್ಷಿ ಅಮ್ಮಾಳರ ‘ಸಮೈತ್ತು ಪಾರ್’ 1951ರಲ್ಲಿ ಬಂತು. ಮದುವೆಯಾಗಿ ದೂರ ಹೋಗುವ ಮಗಳ ಪೆಟ್ಟಿಗೆಯಲ್ಲಿ ಅದನ್ನು ಇಟ್ಟು ಕಳುಹಿಸುವ ರೂಢಿಯೇ ಬಿದ್ದಿತು. ಮರಾಠಿಯಲ್ಲಿ ಕಮಲಾಬಾಯಿ ಓಗಲೆಯವರ ‘ರುಚಿರಾ’ 1970ರಲ್ಲಿ ಪ್ರಕಟವಾಗಿ ಅಸಂಖ್ಯ ಮನೆಗಳನ್ನು ಸೇರಿತು. ತಕ್ಕಡಿಯ ತೂಕ ಹೇಳದೆ ಎಲ್ಲರ ಮನೆಯಲ್ಲಿಯೂ ಇರುವ ಬಟ್ಟಲು, ಚಮಚಗಳಲ್ಲಿಯೇ ಅಳತೆ ಹೇಳಿದ್ದು ಅದರ ಯಶಸ್ಸಿನ ಗುಟ್ಟು. ಬಂಗಾಲದಲ್ಲಿ ಇವರೆಲ್ಲರಿಗಿಂತ ಮುಂಚೆಯೇ, 20ನೆಯ ಶತಮಾನ ಕಣ್ದೆರೆಯುವ ಹೊತ್ತಿಗೆ, ಪ್ರಜ್ಞಾಸುಂದರೀ ದೇವಿ ಸಾಮಿಷ, ನಿರಾಮಿಷ ಅಡುಗೆಗಳ ಗ್ರಂಥವನ್ನು ರಚಿಸಿದ್ದರು. ಆಕೆ ರವೀಂದ್ರನಾಥ ಠಾಕೂರರ ಅಣ್ಣನ ಮಗಳು. ಇನ್ನೊಬ್ಬ ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, 1880ರ ದಶಕದ ಮೊದಲಲ್ಲಿ, ತರುಣ ರವೀಂದ್ರರು ಅಲ್ಲಿಗೆ ಬಂದು ತಂಗಿದ್ದರು. ಕಾರವಾರದ ಕಡಲತೀರ ಅವರಿಗೆ ಒಂದು ನಾಟಕವನ್ನು ಬರೆಯಿಸಿತು. ಕಾರವಾರದ ಮೀನಿನ ಸಾರು ಏನನ್ನು ಬರೆಯಿಸಿತೋ, ಮೀನುಪ್ರಿಯ ಬಂಗಾಲಿಗಳು ಊಹಿಸಿಕೊಳ್ಳಬೇಕು.

ಕನ್ನಡದಲ್ಲಿ ಈ ಕೆಲಸದ ಬಹುಪಾಲನ್ನು ಪತ್ರಿಕೆಗಳೇ ಹೊತ್ತವು. ‘ಕರ್ಮವೀರ’, ‘ಪ್ರಜಾಮತ’, 1965ರಲ್ಲಿ ಆರಂಭವಾದ ‘ಸುಧಾ’ ಮೊದಲಾದ ವಾರಪತ್ರಿಕೆಗಳಿಂದ ಪಾಕಗಳನ್ನು ಕತ್ತರಿಸಿ, ಹಳೆಯ ಲೆಕ್ಕದ ಪುಸ್ತಕಕ್ಕೆ ಮೈದಾ ಅಂಟಿನಿಂದ ಹಚ್ಚಿ ಇಟ್ಟ ಗೃಹಿಣಿಯರೆಷ್ಟೋ! ಒಂದು ಕಡೆ ಧಾರಾವಾಹಿ ಕಾದಂಬರಿಯ ಕತ್ತರಿಸಿದ ಅರ್ಧ ಪುಟ, ಇನ್ನೊಂದು ಕಡೆ ಬೂದುಗುಂಬಳದ ಹಲ್ವ. ನಾಯಕಿಗೆ ಏನಾಯಿತೆಂಬುದು ಆ ಪುಸ್ತಕದಿಂದ ತಿಳಿಯುವುದಿಲ್ಲ; ಹಲ್ವಕ್ಕೆ ಎಷ್ಟು ಸಕ್ಕರೆ ಎಂಬುದು ಖಂಡಿತ ತಿಳಿಯುತ್ತದೆ. ಎಣ್ಣೆ, ಅರಿಶಿನಗಳ ಕಲೆ ಹಿಡಿದ ಆ ಪುಟಗಳನ್ನು ಪೀಠದ ಮೇಲೆ ಇಡಲು ಯಾರೂ ಒಪ್ಪಲಾರರು. ಮನೆಯಲ್ಲಿ ಹೆಚ್ಚು ಬಾರಿ ತೆರೆದ ಪುಸ್ತಕ ಮಾತ್ರ ಅದೇ.

ಶೆಟಗೇರಿಯ ಒಲೆ

ಹಾಗಾದರೆ ಅಚ್ಚಾದ ಪುಸ್ತಕಗಳಲ್ಲಿ ಇಲ್ಲದೆ ಉಳಿದುದೇನು? ಬಹಳಷ್ಟು ಇದೆ. ಕರಾವಳಿಯ ಅಡುಗೆ ಎಂಬ ಹೆಸರಿನಲ್ಲಿ ಹೊರಬಂದ ಗ್ರಂಥಗಳು ಹೆಚ್ಚಾಗಿ ಓದುಬರಹ ಮೊದಲು ಬಂದ ಒಂದೆರಡು ಸಮಾಜಗಳ ಅಡುಗೆಯನ್ನೇ ಹೇಳುತ್ತವೆ. ಅದು ಅವರ ತಪ್ಪಲ್ಲ. ಅವರು ತಮ್ಮದನ್ನು ಬರೆದುಕೊಂಡರು. ಆದರೆ ಅಂಕೋಲೆಯ ಸೀಮೆಯಲ್ಲಿ ನಾಡವರಿದ್ದಾರೆ, ಹಾಲಕ್ಕಿ ಒಕ್ಕಲಿಗರಿದ್ದಾರೆ, ಕೋಮಾರಪಂತರಿದ್ದಾರೆ, ಹರಿಕಂತರಿದ್ದಾರೆ, ಆಗೇರರಿದ್ದಾರೆ. ಇವರ ಒಲೆಗಳ ಮೇಲಿನ ಮಡಕೆಗಳಲ್ಲಿ ಏನು ಬೆಂದಿತೆಂಬುದನ್ನು ಬರೆದಿಟ್ಟ ಪುಟಗಳು ಬೆರಳೆಣಿಕೆಯವು. ಹಾಲಕ್ಕಿಗಳ ಹಾಡುಗಳನ್ನು ಬಡಗೇರಿಯ ಸುಕ್ರಿ ಬೊಮ್ಮಗೌಡರು ಕಂಠದಲ್ಲಿಟ್ಟುಕೊಂಡು ಕಾಯ್ದರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂದುದು, 2025ರಲ್ಲಿ ಅವರು ಕಣ್ಮುಚ್ಚಿದುದು ಎಲ್ಲರಿಗೂ ತಿಳಿದ ಸಂಗತಿ. ಹಾಡಿಗಾದರೂ ಕೇಳುವವರು, ಬರೆದುಕೊಳ್ಳುವವರು ಬಂದರು. ಸಾರಿಗೆ ಯಾರು ಬಂದರು?

ಈ ನೆಲದ ಅಡುಗೆ ಹುಳಿಯ ಅಡುಗೆ. ಹುಣಿಸೆ ಒಂದೇ ಹುಳಿಯೆಂದು ತಿಳಿದ ಬಯಲುಸೀಮೆಯವರಿಗೆ ಇಲ್ಲಿನ ಹುಳಿಗಳ ಪರಿವಾರವನ್ನು ಪರಿಚಯಿಸುವುದೇ ಕಷ್ಟ. ಮುರುಗಲು ಒಂದು, ಉಪ್ಪಾಗೆ ಒಂದು, ಅಮಟೆ ಒಂದು, ಬಿಂಬಲಿ ಒಂದು, ಎಳೆಯ ಮಾವು ಇನ್ನೊಂದು. ಯಾವ ಮೀನಿಗೆ ಯಾವ ಹುಳಿ ಎಂಬುದಕ್ಕೆ ಮನೆಮನೆಯಲ್ಲಿ ಒಂದು ಶಾಸನವಿದೆ. ಬಂಗಡೆ, ತಾರ್ಲೆಗಳಂತಹ ಜಿಡ್ಡಿನ ಮೀನಿಗೆ ಜುಮ್ಮನಕಾಯಿ ಬೇಕು. ಕೊಂಕಣಿಯವರು ಇದನ್ನು ತೆಪ್ಪಲವೆನ್ನುತ್ತಾರೆ. ಘಟ್ಟದ ಕಾಡಿನ ಮುಳ್ಳುಮರದಲ್ಲಿ ಗೊಂಚಲಾಗಿ ಬಿಡುವ ಸಣ್ಣ ಕಾಯಿ. ಬಾಯಿಗಿಟ್ಟರೆ ನಾಲಿಗೆ ಜುಮ್ಮೆನ್ನುತ್ತದೆ. ಒಳಗಿನ ಕರಿಯ ಬೀಜವನ್ನು ಬಿಸಾಡಿ ಸಿಪ್ಪೆಯನ್ನು ಮಾತ್ರ ಇಟ್ಟುಕೊಳ್ಳಬೇಕು. ಅದನ್ನು ಕಾಯಿಯ ಮಸಾಲೆಯೊಡನೆ ನುಣ್ಣಗೆ ಅರೆಯುವುದಲ್ಲ; ಬರಿದೆ ಜಜ್ಜಿ, ಸಾರು ಇಳಿಸುವ ಹೊತ್ತಿಗೆ ಹಾಕುವುದು. ಜುಮ್ಮನಕಾಯಿ ಬಿದ್ದ ಸಾರಿಗೆ ಒಗ್ಗರಣೆ ಕೂಡದು. ಬೇಕಾದರೆ ಮೇಲಿನಿಂದ ಒಂದು ಚಮಚ ಹಸಿ ಕೊಬ್ಬರಿ ಎಣ್ಣೆ. ಪಟ್ಟಣದಲ್ಲಿ ಬೆಳೆದವಳು ಅಭ್ಯಾಸಬಲದಿಂದ ಸಾಸಿವೆ, ಕರಿಬೇವು ಸಿಡಿಸಿದಳೋ, ಕಾಯಿಯ ಪರಿಮಳವೆಲ್ಲ ಅದರ ಕೆಳಗೆ ಹೂತುಹೋಗುತ್ತದೆ. ಈ ಸಣ್ಣ ನಿಷೇಧವನ್ನು ಬರೆಯದ ಪಾಕ, ಸಾಮಗ್ರಿಯ ಪಟ್ಟಿ ಎಷ್ಟೇ ನಿಖರವಾಗಿರಲಿ, ಅರ್ಧ ಪಾಕ.

ಅನ್ನವೆಂದರೆ ಇಲ್ಲಿ ಕೆಂಪು ಕುಚ್ಚಲಕ್ಕಿ. ಭತ್ತವನ್ನು ಬೇಯಿಸಿ, ಒಣಗಿಸಿ, ಆಮೇಲೆ ಕುಟ್ಟಿಸುವುದರಿಂದ ತೌಡಿನಲ್ಲಿರುವ ಜೀವಸತ್ವದ ಒಂದು ಭಾಗ ಕಾಳಿನೊಳಕ್ಕೆ ಇಳಿಯುತ್ತದೆ. ಬಸಿದ ಗಂಜಿಯನ್ನು ಇಲ್ಲಿಯವರು ಚೆಲ್ಲುವುದಿಲ್ಲ. ಉಪ್ಪು ಹಾಕಿ ಕುಡಿಯುತ್ತಾರೆ. ಪೌಷ್ಟಿಕಾಂಶದ ಪುಸ್ತಕ ಓದಿ ಈ ಪದ್ಧತಿ ಬಂದುದಲ್ಲ. ಚೆಲ್ಲುವಷ್ಟು ಸಮೃದ್ಧಿ ಇರಲಿಲ್ಲ. ಬಡತನ ಕಲಿಸಿದ ಎಷ್ಟೋ ಪಾಠಗಳನ್ನು ಈಗ ವೈದ್ಯರು ಶುಲ್ಕ ತೆಗೆದುಕೊಂಡು ಹೇಳುತ್ತಿದ್ದಾರೆ.

ಬೇಸಗೆಯಲ್ಲಿ ಇಶಾಡು ಮಾವು. ಕರಿ ಇಶಾಡು, ಬಿಳಿ ಇಶಾಡು ಎಂದು ಎರಡು ಬಗೆ. ಕರಿ ಇಶಾಡಿನ ಸಿಪ್ಪೆ ತೆಳು, ರಸ ಹೆಚ್ಚು, ಸಿಹಿಯೂ ಹೆಚ್ಚು; 2023ರಲ್ಲಿ ಇದಕ್ಕೆ ಭೌಗೋಳಿಕ ಮಾನ್ಯತೆ ದೊರೆಯಿತು. ಸಿಪ್ಪೆ ತೆಳುವಾದುದರಿಂದ ದೂರದ ಪ್ರಯಾಣವನ್ನು ಅದು ಸಹಿಸದು. ಹೀಗಾಗಿ ಮುಂಬಯಿಯ ಮಕ್ಕಳಿಗೆ ಹಣ್ಣಿನ ಬದಲು ರಸವನ್ನು ಚಾಪೆಯ ಮೇಲೆ ಪದರ ಪದರವಾಗಿ ಬಿಸಿಲಿಗೆ ಒಣಗಿಸಿ, ಸುರುಳಿ ಸುತ್ತಿ ಕಳುಹಿಸಬೇಕಾಗುತ್ತಿತ್ತು. ಆ ಸುರುಳಿಯಲ್ಲಿ ಹಣ್ಣಿಗಿಂತ ಬಿಸಿಲೇ ಹೆಚ್ಚಿರುತ್ತದೆ. ಜೂನ್, ಜುಲೈ ತಿಂಗಳುಗಳಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯಬಾರದೆಂದು ಸರಕಾರದ ಕಟ್ಟಳೆ. ಆಗ ಒಣಮೀನು, ಒಣ ಶೆಟ್ಲಿ, ಹೊಳೆಯ ಬಳಚು, ಹಲಸಿನ ಬೀಜ, ಕೆಸುವಿನ ಎಲೆಯ ಪತ್ರೊಡೆ. ಕಟ್ಟಳೆ ಇಲ್ಲದ ಕಾಲದಲ್ಲಿಯೂ ಮಳೆಗಾಲದ ಕಡಲು ತಾನೇ ಒಂದು ಕಟ್ಟಳೆಯಾಗಿತ್ತು.

ಉಪ್ಪಿನ ಮಾತನ್ನು ಇಲ್ಲಿ ಹಗುರವಾಗಿ ಆಡುವಂತಿಲ್ಲ. ಗಂಗಾವಳಿಯ ಆಚೆ ಗೋಕರ್ಣದ ಹತ್ತಿರ ಸಾಣಿಕಟ್ಟೆಯ ಉಪ್ಪಿನ ಆಗರವಿದೆ. ತುಸು ಮಾಸಲು ಬಣ್ಣದ ಆ ಹರಳುಪ್ಪಿಲ್ಲದೆ ಮಾವಿನಮಿಡಿ ಹಾಕಲು ಒಪ್ಪದ ಅಜ್ಜಿಯರು ಈಗಲೂ ಇದ್ದಾರೆ. 1930ರ ಏಪ್ರಿಲ್ 13ರಂದು ಅಂಕೋಲೆಯ ಕಡಲತೀರದಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳ್ತನದಲ್ಲಿ ಉಪ್ಪಿನ ಕಾಯಿದೆಯನ್ನು ಮುರಿದರು. ಕರ್ನಾಟಕದ ಬಾರ್ಡೋಲಿ ಎಂಬ ಹೆಸರು ಈ ತಾಲೂಕಿಗೆ ಬಂತು. 1932ರಿಂದ ಕರನಿರಾಕರಣೆ ನಡೆದಾಗ ಇಲ್ಲಿನ ಹಳ್ಳಿಗಳ ರೈತರ ಜಮೀನು ಹರಾಜಾಯಿತು. ಮನೆಯ ಚರಸೊತ್ತು ಜಪ್ತಿಯಾಯಿತು. ಚರಸೊತ್ತು ಎಂದರೆ ರೈತನ ಮನೆಯಲ್ಲಿ ಇನ್ನೇನಿರುತ್ತದೆ? ಕೊಟ್ಟಿಗೆಯ ದನ, ಕಣಜದ ಭತ್ತ, ಒಲೆಯ ಬದಿಯ ತಾಮ್ರ, ಹಿತ್ತಾಳೆ, ಕಂಚಿನ ಪಾತ್ರೆ. ಗಂಡಸರು ಸೆರೆಮನೆಗೆ ಹೋದರು. ಹೆಂಗಸರು ಮಣ್ಣಿನ ಗಡಿಗೆಯಲ್ಲಿ ಗಂಜಿ ಬೇಯಿಸಿ ಮಕ್ಕಳನ್ನು ಸಾಕಿದರು. ಇಂದು ಪಟ್ಟಣದ ಅಡುಗೆಯ ಕೋಣೆಯಲ್ಲಿ ಅಲಂಕಾರಕ್ಕಿಡುವ ಹಳೆಯ ತಾಮ್ರದ ಹಂಡೆಯನ್ನು ಕಂಡಾಗ ಅಂಕೋಲೆಯ ಹಳಬರಿಗೆ ಬೇರೇನೋ ನೆನಪಾದರೆ ಅಚ್ಚರಿಯಿಲ್ಲ.

ಪಂಕ್ತಿಯ ಹೊರಗೆ

ಪುಸ್ತಕಗಳ ಮುನ್ನುಡಿಗಳಲ್ಲಿ ‘ಒಟ್ಟಿಗೆ ಕುಳಿತು ಉಣ್ಣುವ ಸಂತೋಷ’ದ ವರ್ಣನೆ ತಪ್ಪದೆ ಇರುತ್ತದೆ. ಓದಲು ಹಿತವಾದ ಮಾತು. ಆದರೆ ಹಳೆಯ ಊರುಗಳಲ್ಲಿ ಒಟ್ಟಿಗೆ ಕುಳಿತವರು ಯಾರೆಂದು ಕೇಳಿದರೆ ಉತ್ತರ ಅಷ್ಟು ಹಿತವಾಗಿರುವುದಿಲ್ಲ. ಒಂದು ಮನೆಯ ಊಟಕ್ಕೆ ಊರೆಲ್ಲ ದುಡಿಯುತ್ತಿತ್ತು. ಹರಿಕಂತರ ಹೆಂಗಸು ಮೀನಿನ ಬುಟ್ಟಿ ಹೊತ್ತು ಬರುತ್ತಿದ್ದಳು. ಕೊರಳ ತುಂಬ ಮಣಿಸರದ ಹಾಲಕ್ಕಿ ಹೆಂಗಸು ಬಸಳೆ, ಹರಿವೆ, ಬದನೆಗಳನ್ನು ತರುತ್ತಿದ್ದಳು. ಭತ್ತ ಕುಟ್ಟುವವರು ಬೇರೆ, ಮಡಕೆ ಮಾಡುವವರು ಬೇರೆ, ಕಾಡಿನಿಂದ ಜುಮ್ಮನಕಾಯಿ ಆಯ್ದು ತರುವವರು ಇನ್ನೂ ಬೇರೆ. ಎಲೆ ಹಾಕುವ ಹೊತ್ತಿಗೆ ಇವರೆಲ್ಲ ಅಂಗಳದಾಚೆ ಉಳಿಯುತ್ತಿದ್ದರು. ಉಂಡರೆ ಬೇರೆ ಕಡೆ, ಬೇರೆ ಎಲೆಯಲ್ಲಿ. 1934ರಲ್ಲಿ ಗಾಂಧೀಜಿಯವರು ಹರಿಜನ ಯಾತ್ರೆಯಲ್ಲಿ ಉತ್ತರ ಕನ್ನಡಕ್ಕೆ ಬಂದಾಗ ಹೇಳಲು ಬಂದುದು ಈ ಅಂಗಳದ ಮಾತನ್ನೇ. ಉಪ್ಪಿಗಾಗಿ ಸೆರೆಮನೆಗೆ ಹೋಗಲು ಸಿದ್ಧರಾದ ಸೀಮೆಗೆ, ಒಂದೇ ಸಾಲಿನಲ್ಲಿ ಕುಳಿತು ಆ ಉಪ್ಪನ್ನು ಉಣ್ಣುವುದು ಹೆಚ್ಚು ಕಠಿಣವಾಗಿ ತೋರಿತು.

ಮನೆಯೊಳಗಿನ ಪಂಕ್ತಿಯಲ್ಲಿಯೂ ಕೊನೆಯ ಸ್ಥಾನವೊಂದಿತ್ತು. ಅದು ಅಡಿಗೆ ಮಾಡಿದವಳದು. ಗಂಡಸರು ಎದ್ದು, ಮಕ್ಕಳು ಎದ್ದು, ಬಂದ ನೆಂಟರು ಎದ್ದ ಮೇಲೆ ಮಡಕೆಯ ತಳದಲ್ಲಿ ಉಳಿದ ಸಾರಿನಲ್ಲಿ ಅವಳ ಊಟ. ಮೀನಿನ ತುಂಡು ಉಳಿದಿದ್ದರೆ ಭಾಗ್ಯ. ಆ ಸಾರಿನ ಮೊದಲ ರುಚಿ ಹೇಗಿತ್ತೆಂದು ಎಷ್ಟೋ ಸಲ ಅವಳಿಗೇ ಗೊತ್ತಿರುತ್ತಿರಲಿಲ್ಲ. ಪರಿಮಳದಿಂದ, ಕುದಿಯ ಸದ್ದಿನಿಂದ, ಸೌಟಿಗೆ ಅಂಟುವ ಬಗೆಯಿಂದ ಅವಳು ಅಳೆಯುತ್ತಿದ್ದಳು. ಮೊಮ್ಮಗನ ಹೆಂಡತಿ ಅಳತೆ ಕೇಳಿದಾಗ ಅಜ್ಜಿಗೆ ಸಂಖ್ಯೆ ಹೊಳೆಯದಿರುವುದಕ್ಕೆ ಕಾರಣವಿಲ್ಲದಿಲ್ಲ. ಅವಳ ಅಳತೆ ಮೂಗಿನಲ್ಲಿದೆ, ಕಿವಿಯಲ್ಲಿದೆ.

ಇದು ಬಹುಮಟ್ಟಿಗೆ ಬದಲಾಗಿದೆ. ಮೇಜಿನ ಸುತ್ತ ಮನೆಯವರೆಲ್ಲ ಒಟ್ಟಿಗೆ ಕುಳಿತುಕೊಳ್ಳುವ ಪದ್ಧತಿ ಪಟ್ಟಣಗಳಲ್ಲಿ ಸಾಮಾನ್ಯವಾಗಿದೆ. ಅದಕ್ಕಾಗಿ ಮೇಜಿಗೆ ಒಂದು ನಮಸ್ಕಾರ. ಆದರೆ ಬದಲಾದುದರ ಜೊತೆಗೆ ಹೋದುದೂ ಇದೆ. ಒರಳಿನ ಜಾಗಕ್ಕೆ ಮಿಕ್ಸಿ ಬಂತು, ಸೌದೆಯ ಜಾಗಕ್ಕೆ ಅನಿಲ ಬಂತು. ಕಾರವಾರ, ಅಂಕೋಲೆಗಳ ನಡುವಿನ ಕಡಲತಡಿಯಲ್ಲಿ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿದ್ದ ಮೇಲೆ ಸಾವಿರಾರು ಕುಟುಂಬಗಳು ಮನೆಯನ್ನೂ ಹಿತ್ತಲನ್ನೂ ಬಿಟ್ಟು ಬೇರೆಡೆಗೆ ಸರಿದವು. ಹಿತ್ತಲೊಂದು ಹೋದರೆ ಅದರ ಬಿಂಬಲಿ ಮರ, ಅಮಟೆ ಮರ, ಕೆಸುವಿನ ಹೊಂಡ ಎಲ್ಲ ಹ��ದವು. ಅವುಗಳನ್ನು ನೆಚ್ಚಿದ ಪಾಕಗಳು ಹೆಸರಿಗೆ ಮಾತ್ರ ಉಳಿದವು. ಕಲಿತ ಮಕ್ಕಳು ಬೆಂಗಳೂರಿಗೆ, ಮುಂಬಯಿಗೆ, ಕೊಲ್ಲಿಯ ದೇಶಗಳಿಗೆ ಹೊರಟುಹೋಗುತ್ತಾರೆ. ಹಬ್ಬಕ್ಕೆ, ಬಂಡಿಹಬ್ಬಕ್ಕೆ ಬರುತ್ತಾರೆ, ಉಣ್ಣುತ್ತಾರೆ, ಹೊಗಳುತ್ತಾರೆ, ಹೋಗುತ್ತಾರೆ. ಕಲಿಯುವಷ್ಟು ದಿನ ಯಾರೂ ನಿಲ್ಲುವುದಿಲ್ಲ.

ತಕ್ಕಡಿ ಹಿಡಿದ ಸೊಸೆ

ಆದುದರಿಂದ ಅಚ್ಚಾದ ಗ್ರಂಥಕ್ಕಾಗಿ ಕಾಯದೆ ಪ್ರತಿಯೊಂದು ಮನೆಯೂ ತನ್ನ ಪುಸ್ತಕವನ್ನು ತಾನೇ ಬರೆದುಕೊಳ್ಳುವುದು ಲೇಸು. ಇದಕ್ಕೆ ಪಾಂಡಿತ್ಯ ಬೇಡ. ತಾಳ್ಮೆ ಮತ್ತು ಒಂದು ಸಣ್ಣ ತಕ್ಕಡಿ ಸಾಕು. ಹಿರಿಯರನ್ನು ‘ಎಷ್ಟು ಹಾಕುತ್ತೀರಿ?’ ಎಂದು ಕೇಳಿ ಪ್ರಯೋಜನವಿಲ್ಲ. ಅವರು ಹಿಡಿಯಲ್ಲಿ ತೆಗೆದುಕೊಂಡುದನ್ನು ಮಡಕೆಗೆ ಬೀಳುವ ಮುನ್ನ ಒಂದು ಬಟ್ಟಲಿಗೆ ಹಾಕಿಸಿಕೊಂಡು ತೂಗಬೇಕು. ಒಂದೇ ದಿನದ ತೂಕವನ್ನು ನಂಬಬಾರದು. ಮೂರು ನಾಲ್ಕು ಬಾರಿ ತೂಗಿದರೆ ಕೈಯ ವಾಡಿಕೆ ತಿಳಿಯುತ್ತದೆ. ತೆಂಗಿನಕಾಯಿಯನ್ನು ‘ಅರ್ಧ ಕಡಿ’ ಎಂದು ಬರೆದುಕೊಂಡರೆ ಮುಂದೆ ಮೋಸಹೋಗುವುದು ಖಂಡಿತ: ಅಂಕೋಲೆಯ ಹಿತ್ತಲಿನ ಕಾಯಿ ಬೇರೆ, ಬೆಂಗಳೂರಿನ ಅಂಗಡಿಯ ಕಾಯಿ ಬೇರೆ. ತುರಿದ ಮೇಲೆ ತೂಗಬೇಕು. ಉಪ್ಪಿನ ವಿಷಯದಲ್ಲಿಯೂ ಹಾಗೆಯೇ. ಹರಳುಪ್ಪು ಚಮಚದಲ್ಲಿ ಸಂದುಬಿಟ್ಟು ಕೂರುತ್ತದೆ, ಪುಡಿಯುಪ್ಪು ಒತ್ತಾಗಿ ಕೂರುತ್ತದೆ. ಅಜ್ಜಿಯ ಒಂದು ಚಮಚ ಹರಳಿನ ಬದಲಿಗೆ ಪಟ್ಟಣದಲ್ಲಿ ಒಂದು ಚಮಚ ಪುಡಿ ಹಾಕಿದರೆ ಸಾರನ್ನು ಬಾಯಿಗಿಡುವಂತಿಲ್ಲ.

ಹಳೆಯ ಅಳತೆಗಳನ್ನು ಅಳಿಸದೆ ಹಾಗೆಯೇ ಬರೆದುಕೊಳ್ಳಬೇಕು. ಸಿದ್ದೆ, ಪಾವು, ಚಟಾಕು ಎಂದವರು ಹೇಳಿದರೆ ಅದನ್ನು ಬರೆದು, ಪಕ್ಕದಲ್ಲಿ ಗ್ರಾಮಿನ ಲೆಕ್ಕ ಹಾಕಬೇಕು. ಮನೆಯ ಸಿದ್ದೆ ಇನ್ನೂ ಅಟ್ಟದ ಮೇಲೆ ಇದ್ದರೆ ಅದನ್ನೇ ಇಳಿಸಿ, ಅಕ್ಕಿ ತುಂಬಿಸಿ ತೂಗುವುದು ಎಲ್ಲಕ್ಕೂ ಉತ್ತಮ. ಅದಕ್ಕಿಂತ ಮುಖ್ಯವಾದುದು ‘ಮಾಡಬಾರದು’ ಎಂಬ ಮಾತುಗಳು. ಯಾವುದಕ್ಕೆ ಒಗ್ಗರಣೆ ಕೂಡದು, ಯಾವುದನ್ನು ತಾಮ್ರದಲ್ಲಿ ಕುದಿಸಬಾರದು, ಯಾವುದನ್ನು ಮಾಡಿದ ದಿನ ಉಣ್ಣದೆ ಮರುದಿನ ಉಣ್ಣಬೇಕು. ಇವು ಕೇಳಿದಾಗ ಹೊರಬರುವುದಿಲ್ಲ; ತಪ್ಪು ಮಾಡಿದಾಗ ಬೈಗುಳದ ರೂಪದಲ್ಲಿ ಹೊರಬರುತ್ತವೆ. ಜಾಣೆಯಾದ ಸೊಸೆ ಬೇಕೆಂದೇ ಒಂದೆರಡು ತಪ್ಪು ಮಾಡಿದರೂ ದೋಷವಿಲ್ಲ. ಪಾಕವನ್ನು ಯಾರು ಹೇಳಿದರು, ಯಾವ ಊರಿನವರು, ಯಾವ ಹಬ್ಬಕ್ಕೆ ಮಾಡುತ್ತಿದ್ದರು ಎಂಬುದನ್ನು ಎರಡು ಸಾಲಿನಲ್ಲಿ ಬರೆದಿಡಲಿ. ಮೀನು ತಂದವಳು ಹೇಳಿಕೊಟ್ಟ ಉಪಾಯವಾದರೆ ಅವಳ ಹೆಸರೂ ಇರಲಿ. ಪೀಠದ ಮೇಲಿನ ಚಂದದ ಗ್ರಂಥ ಅಲ್ಲಿಯೇ ಇದ್ದುಕೊಳ್ಳಲಿ, ಅದಕ್ಕೇನು! ಅದರ ಮಗ್ಗುಲಲ್ಲಿ ಈ ಎರಡು ನೂರು ಪುಟದ ನೋಟುಬುಕ್ಕು ನಿಂತರೆ ಅಡುಗೆಯ ಕೋಣೆಯ ಅಂದವೇನೂ ಕೆಡಲಾರದು.

ಶೆಟಗೇರಿಯ ಆ ಮನೆಯಲ್ಲಿ ಮಳೆ ಸ್ವಲ್ಪ ಹಿಂಜರಿದಿದೆ. ಮೊಮ್ಮಗನ ಹೆಂಡತಿ ಚೀಲದಿಂದ ಅಂಗೈಯಗಲದ ತಕ್ಕಡಿಯೊಂದನ್ನು ತೆಗೆದು ಒಲೆಯ ಕಟ್ಟೆಯ ಮೇಲೆ ಇಟ್ಟಿದ್ದಾಳೆ. ಉಪ್ಪಿನ ಮರಿಗೆಗೆ ಕೈಹಾಕಿದ ಅಜ್ಜಿಯನ್ನು ಅವಳು ತಡೆದು, ಬಟ್ಟಲನ್ನು ಮುಂದೊಡ್ಡುತ್ತಾಳೆ. ಅಜ್ಜಿ ನಗುತ್ತ ಬಟ್ಟಲಿಗೆ ಹಾಕುತ್ತಾಳೆ. ಹದಿನಾಲ್ಕು ಗ್ರಾಮು. ಸೊಸೆ ಬರೆದುಕೊಳ್ಳುವಷ್ಟರಲ್ಲಿ ಅಜ್ಜಿ ಸಾರಿನ ಕಡೆಗೊಮ್ಮೆ ನೋಡಿ, ಬಟ್ಟಲಿನಿಂದ ನಾಲ್ಕು ಹರಳುಗಳನ್ನು ಹಿಂದಕ್ಕೆ ತೆಗೆದು ಮರಿಗೆಗೆ ಹಾಕಿಬಿಡುತ್ತಾಳೆ.

‘ಯಾಕೆ ಅಜ್ಜೀ?’

‘ಶೆಟ್ಲಿಯಲ್ಲೇ ಉಪ್ಪಿದೆಯಲ್ಲ, ಮಗಾ. ಅದನ್ನೂ ಬರೆದುಕೋ.’

ಸೊಸೆ ಬರೆದುಕೊಳ್ಳುತ್ತಾಳೆ. ಸಾರು ಇಳಿಯುತ್ತದೆ. ಹೊರಗೆ ಜಗಲಿಯಲ್ಲಿ ಮೂವರು ಮಕ್ಕಳು, ಗದ್ದೆಯ ಕೆಲಸದಿಂದ ನೆನೆದು ಬಂದ ಇಬ್ಬರು ಹೆಂಗಸರು.

‘ಪುಸ್ತಕ ಆಚೆಗಿಡು ಇನ್ನು’ ಎನ್ನುತ್ತಾಳೆ ಅಜ್ಜಿ, ‘ಎಲ್ಲರಿಗೂ ಎಲೆ ಹಾಕು. ನಿನಗೂ ಒಂದು, ನನಗೂ ಒಂದು.’